ಹಿತ್ತಲ ನೀರಿನ ತಟ್ಟೆ ಮತ್ತು ಕ್ಯಾಮೆರಾ: ನನ್ನ ಅನುಭವ

ಹಿತ್ತಲಿಗೆ ಹಕ್ಕಿ ಬರಬೇಕೆಂದರೆ ಕಾಳಿಗಿಂತ ನೀರು ಮೇಲು. ಅಕ್ಕಿ, ಜೋಳ ಚೆಲ್ಲಿದರೆ ಮೊದಲು ಮುತ್ತುವುದು ಪಾರಿವಾಳ, ರಾತ್ರಿ ಇಲಿ. ನೀರಿಗಾದರೆ ಹುಳ ತಿನ್ನುವ ಮಡಿವಾಳ, ಸಿಂಪಿಗ, ಹರಟೆಮಲ್ಲಗಳೂ ಹಣ್ಣು ತಿನ್ನುವ ಪಿಕಳಾರವೂ ಬರುತ್ತವೆ. ಮೈಸೂರಿನ ನಮ್ಮ ಹಿತ್ತಲಿನಲ್ಲಿ ಇಟ್ಟಿರುವುದು ಹೂಕುಂಡದಡಿ ಇಡುವ 14 ಅಂಗುಲದ ಮಣ್ಣಿನ ತಟ್ಟೆ. ಮೆರುಗಿನ ಪಿಂಗಾಣಿ ಬೇಡ, ಹಕ್ಕಿಯ ಕಾಲು ಜಾರುತ್ತದೆ. ಒಂದು ಬದಿಗೆ ಕಲ್ಲು ಜೋಡಿಸಿ ಇಳಿಜಾರು ಮಾಡಿದ್ದೇನೆ: ಅಂಚಿನಲ್ಲಿ 1 ಸೆಂ.ಮೀ. ನೀರು, ನಡುವೆ 4 ಸೆಂ.ಮೀ. ಇದಕ್ಕಿಂತ ಆಳವಾದರೆ ಸಣ್ಣ ಹಕ್ಕಿ ಕುಡಿದು ಹೋಗುತ್ತದೆ, ಮೀಯುವುದಿಲ್ಲ.

ತಟ್ಟೆ ಸುಮಾರು 2 ಅಡಿ ಎತ್ತರದಲ್ಲಿದೆ. ಪೊದೆಯಿಂದ 2 ಮೀಟರ್ ದೂರ. ಪೊದೆಗೆ ಒತ್ತಿಟ್ಟರೆ ಬೆಕ್ಕು ಅವಿತು ಕೂರುತ್ತದೆ. ತೀರಾ ಬಯಲಿನಲ್ಲಿಟ್ಟರೆ ಶಿಕ್ರ ಎಂಬ ಬೇಟೆಹಕ್ಕಿಯ ಭಯಕ್ಕೆ ಹಕ್ಕಿ ಇಳಿಯುವುದಿಲ್ಲ. ನೀರನ್ನು ದಿನವೂ ಚೆಲ್ಲಿ ಹೊಸದು ತುಂಬಬೇಕು, ಇಲ್ಲದಿದ್ದರೆ ವಾರದೊಳಗೆ ಸೊಳ್ಳೆ. ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ತಿಕ್ಕುತ್ತೇನೆ, ಸೋಪು ಹಾಕುವುದಿಲ್ಲ.

ನಿಂತ ನೀರಿಗಿಂತ ತೊಟ್ಟಿಕ್ಕುವ ನೀರು ಬೇಗ ಕರೆಯುತ್ತದೆ. 5 ಲೀಟರ್ ಕ್ಯಾನಿಗೆ ಮೆಡಿಕಲ್ ಶಾಪಿನ ಹೊಸ ಡ್ರಿಪ್ ಸೆಟ್ ಸಿಕ್ಕಿಸಿ, ಸೆಕೆಂಡಿಗೊಂದು ಹನಿ ಬೀಳುವಂತೆ ಚಕ್ರ ತಿರುಗಿಸಿಟ್ಟರೆ ಸಾಕು. ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ 1 ಮಿಲಿ. ಗಂಟೆಗೆ 180 ಮಿಲಿ ಖರ್ಚು, ಒಂದು ಹಗಲು ಒಂದು ರಾತ್ರಿ ದಾಟುತ್ತದೆ. ಕ್ಯಾನಿನ ಮುಚ್ಚಳದಲ್ಲಿ ಗಾಳಿಗೆ ತೂತು ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ಹನಿ ನಿಲ್ಲುತ್ತದೆ. ನೀರಿನ ಮಟ್ಟ ಇಳಿದಂತೆ ಹನಿ ನಿಧಾನವಾಗುತ್ತದೆ, ಸಂಜೆ ಮತ್ತೆ ಸರಿಪಡಿಸಬೇಕು. ಪಾರದರ್ಶಕ ಕೊಳವೆ ಬಿಸಿಲಲ್ಲಿದ್ದರೆ ಒಳಗೆ ಪಾಚಿ ಕಟ್ಟುತ್ತದೆ.

ಹೂವಿನ ಮಕರಂದ ಹೀರುವ ಸೂರಕ್ಕಿ ತಟ್ಟೆಗೆ ಇಳಿಯುವುದು ಅಪರೂಪ. ಅದು ಒದ್ದೆ ಎಲೆಗೆ ಮೈ ಉಜ್ಜಿ ಮೀಯುತ್ತದೆ. ಬೆಳಿಗ್ಗೆ ದಾಸವಾಳದ ಎಲೆಗಳಿಗೆ ನೀರು ಚಿಮುಕಿಸಿ ಕಾದರೆ ಸಿಗುತ್ತದೆ.

ಚಿತ್ರ ಕೆಡುವುದು ಹೆಚ್ಚಾಗಿ ಹಿನ್ನೆಲೆಯಿಂದ. ಕಾಂಪೌಂಡ್ ಗೋಡೆ ಹಕ್ಕಿಯ ಹಿಂದೆ 1 ಮೀಟರಿನಲ್ಲಿದ್ದರೆ ಅದರ ಕಲೆಗಳೆಲ್ಲ ಕಾಣುತ್ತವೆ. ಹಿನ್ನೆಲೆಯ ಗಿಡಗಳು 4–5 ಮೀಟರ್ ದೂರವಿದ್ದರೆ ಹಸಿರು ಕರಗಿ ಒಂದೇ ಬಣ್ಣವಾಗುತ್ತದೆ. ತಟ್ಟೆಯಿಂದ ಒಂದು ಮೀಟರಿಗೆ ಹೆಬ್ಬೆರಳು ದಪ್ಪದ ಒಣಕೊಂಬೆ ನೆಟ್ಟರೆ, ಹಕ್ಕಿ ಇಳಿಯುವ ಮುನ್ನ ಅಲ್ಲಿ ಕೂತು ಸುತ್ತ ನೋಡುತ್ತದೆ. ಒಳ್ಳೆಯ ಚಿತ್ರಗಳು ಬರುವುದು ಆ ಕ್ಷಣದಲ್ಲೇ. ಸಣ್ಣ ಸೆನ್ಸರಿನ (ಎಪಿಎಸ್‌-ಸಿ) ಕ್ಯಾಮೆರಾ, 400 ಮಿಮೀ ಲೆನ್ಸ್ ಇದ್ದರೆ 6 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಸುಮಾರು 35 ಸೆಂ.ಮೀ. 20 ಸೆಂ.ಮೀ. ಉದ್ದದ ಪಿಕಳಾರಕ್ಕೆ ಹದವಾದ ಜಾಗ. 4 ಮೀಟರಿಗೆ ಬಂದರೆ ಬಾಲ ಕತ್ತರಿಸಿಹೋಗಬಹುದು.

ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟದಲ್ಲಿರಲಿ; ನಿಂತು ತೆಗೆದರೆ ಬೆನ್ನಷ್ಟೇ ಸಿಗುತ್ತದೆ. ಕಿಟಕಿಯ ಗಾಜಿನ ಮೂಲಕ ತೆಗೆದ ಚಿತ್ರ ಮಬ್ಬು, ಅದಕ್ಕೇ ಗಾಜು ಸರಿಸಿ ಹಳೆಯ ಪಂಚೆ ಇಳಿಬಿಟ್ಟು ಲೆನ್ಸಿನಷ್ಟು ಕಿಂಡಿ ಮಾಡಿದ್ದೇನೆ. ಕೂತ ಹಕ್ಕಿಗೆ 1/500 ಸೆಕೆಂಡಿನ ಶಟರ್ ವೇಗ ಸಾಕು, ಮೀಯುವಾಗ ನೀರಹನಿ ನಿಲ್ಲಲು 1/2000 ಬೇಕು. ಮಡಿವಾಳದ ಬಿಳಿ ಪಟ್ಟಿ ಕಪ್ಪು ಪೊದೆಯ ಮುಂದೆ ಸುಟ್ಟು ಹೋಗುತ್ತದೆ (ವಿವರವಿಲ್ಲದೆ ಬರೀ ಬಿಳಿಯಾಗುತ್ತದೆ), ಚಿತ್ರಕ್ಕೆ ಬೀಳುವ ಬೆಳಕು, ಅಂದರೆ ಎಕ್ಸ್‌ಪೋಶರನ್ನು 0.7 ಇಳಿಸಿಕೊಳ್ಳಿ.

ಧ್ವನಿಮುದ್ರಿಕೆ ಹಾಕಿ ಹಕ್ಕಿ ಕರೆಯುವುದನ್ನು ನಾನು ಒಪ್ಪುವುದಿಲ್ಲ. ಗೂಡಿನ ಚಿತ್ರವೂ ಬೇಡ: ಅಡ್ಡ ಬಂದ ಎಲೆ ಸರಿಸಿದೊಡನೆ ಕಾಗೆಗೆ ದಾರಿ ತೋರಿಸಿದಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಬೇಟೆ ಎಂದೇ ಎಣಿಸುತ್ತದೆ.

ಚಳಿಗಾಲದಲ್ಲಿ ರಾಜಹಕ್ಕಿ (ಪ್ಯಾರಡೈಸ್ ಫ್ಲೈಕ್ಯಾಚರ್) ಬಂದರೆ ಲೆಕ್ಕ ಬೇರೆ. ಅದು ಅಂಚಿನಲ್ಲಿ ಕೂರದೆ ಕೊಂಬೆಯಿಂದ ನೇರ ನೀರಿಗೆ ಧುಮುಕಿ ಮತ್ತೆ ಕೊಂಬೆಗೆ ಹಾರುತ್ತದೆ, ಅದೂ ಬೆಳಕು ಕಂತುವ ಹೊತ್ತಿಗೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 6400ಕ್ಕೆ ಏರಿಸಿ, ಫೋಕಸ್ಸನ್ನು ನೀರಿನ ಮೇಲಲ್ಲ, ಅದು ಮರಳುವ ಕೊಂಬೆಯ ಮೇಲೆ ಇಟ್ಟುಕೊಂಡು ಕಾಯಬೇಕು.