ಕುಡಿದಾಗ ‘ಬ್ಯಾಡ’ ಅನ್ನಲಾಗದವಳ ಜೊತೆ ಮಾತಾಡುವುದು ಹೇಗೆ

ಎಚ್‌ಐವಿ ಪರೀಕ್ಷೆಗೆ ಬಂದವಳು “ಕುಡ್ದಿದ್ದೆ, ಕಾಂಡೋಮ್ ಇರಲಿಲ್ರಿ, ಹಂಗೇ ಆಗಿಬಿಡ್ತು” ಎಂದಾಗ “ಯಾಕ್ ಕುಡ್ದಿ?” ಎಂದು ಕೇಳಿದರೆ ಮಾತು ಅಲ್ಲಿಗೇ ನಿಂತಿತು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಆಶಾ ಕಾರ್ಯಕರ್ತೆಯರು, ಐಸಿಟಿಸಿ (ಎಚ್‌ಐವಿ ಸಮಾಲೋಚನೆ, ಪರೀಕ್ಷಾ ಕೇಂದ್ರ) ಆಪ್ತಸಮಾಲೋಚಕರು ಕೇಳಬೇಕಾದ್ದು ಬೇರೆ: “ಕಾಂಡೋಮ್ ಹಾಕ್ಕೋ ಅಂತ ಹೇಳಬೇಕು ಅನಿಸಿತ್ತಾ ಅಕ್ಕಾ? ಹೇಳಿದ್ರ ಅವರು ಏನ್ ಮಾಡ್ತಾರಂತ ಅನಿಸ್ತು?” ಎಡವಟ್ಟಾಗುವುದು ಈ ಎರಡನೇ ಪ್ರಶ್ನೆಯ ಉತ್ತರದಲ್ಲಿ.

ಮದ್ಯ ಗಮನವನ್ನು ಕಿರಿದು ಮಾಡುತ್ತದೆ. ಎದುರಿಗಿರುವುದು ದೊಡ್ಡದಾಗಿ ಕಾಣುತ್ತದೆ. ನಾಳೆಯ ಸೋಂಕು, ಬಸಿರು ಮಸುಕಾಗುತ್ತವೆ. ಹಿಂದೆ ಲೈಂಗಿಕ ದೌರ್ಜನ್ಯ ಉಂಡವಳಿಗೆ ಎದುರಿಗೆ ಕಾಣುವುದು ಎಷ್ಟೋ ಸಲ ಜೊತೆಗಿರುವ ಗಂಡಸಿನ ಸಿಟ್ಟು. ಬ್ಯಾಡ ಅಂದರೂ ನಡೆಯುವುದಿಲ್ಲ ಎಂದು ಆಕೆ ಮೊದಲೇ ಕಲಿತಿರಬಹುದು. ಮೈ ಸೆಟೆದು ಮಾತು ಹೊರಡದೆ ಹೋಗಬಹುದು. ಕೆಲವರು ಆ ನೆನಪು ಬಾರದಿರಲೆಂದೇ ಕುಡಿಯುತ್ತಾರೆ. ಅಂಥವರಿಗೆ ಬರೀ “ಕುಡಿಯೋದ್ ಬಿಡ್ರಿ” ಎಂದರೆ ಆಸರೆ ಕಸಿದು ಕೈಬಿಟ್ಟ ಹಾಗೆ. ಹಾಗಂತ ಕುಡಿಯುವ ಪ್ರತಿಯೊಬ್ಬಳಿಗೂ ಇಂಥದೊಂದು ಹಿನ್ನೆಲೆ ಇದ್ದೇ ಇದೆ ಎಂದು ಊಹಿಸಬೇಡಿ.

ಹಳೆಯದನ್ನು ಕೇಳುವಾಗ ಅತ್ತೆ, ಗಂಡ, ಮಕ್ಕಳು ಯಾರೂ ಹತ್ತಿರ ಇರಬಾರದು. ತಾಂಡಾದ ಒಂದೇ ಕೋಣೆಯ ಮನೆಯಲ್ಲಿ ಇದು ಆಗದ ಮಾತು. ಲಸಿಕೆ ದಿನ ಆರೋಗ್ಯ ಕೇಂದ್ರಕ್ಕೆ ಕರೆಯಿರಿ. ಒಂದೇ ಪ್ರಶ್ನೆ ಸಾಕು: “ನಿಮಗ ಮನಸ್ಸಿಲ್ಲದಾಗ ಯಾರಾದ್ರೂ ಒತ್ತಾಯ ಮಾಡಿದ್ದು ಅದ ಏನು? ಪೂರಾ ಹೇಳಬ್ಯಾಡ್ರಿ, ಹೌದು-ಇಲ್ಲ ಅಂದ್ರ ಸಾಕು.” ಯಾರು, ಎಲ್ಲಿ, ಯಾಕೆ ಕೂಗಲಿಲ್ಲ ಎಂದು ಕೆದಕಬೇಡಿ. ಹುಡುಗಿಗೆ 18 ತುಂಬಿಲ್ಲದಿದ್ದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆ ಪ್ರಕಾರ ವರದಿ ಮಾಡಲೇಬೇಕು. ಪ್ರಶ್ನೆ ಕೇಳುವ ಮೊದಲೇ ಇದನ್ನು ಆಕೆಗೆ ಹೇಳಿಬಿಡಿ.

ಇನ್ನು ಕುಡಿತದ ಅಳತೆ. ಒಂದು ಪ್ರಮಾಣ ಎಂದರೆ 10 ಗ್ರಾಂ ಆಲ್ಕೋಹಾಲ್, ಅಂದರೆ 30 ಎಂ.ಎಲ್. ವಿಸ್ಕಿ. ಆಕೆ “ಒಂದೇ ಪಾಕೀಟು” ಎನ್ನುವ 90 ಎಂ.ಎಲ್. ಮೂರು ಪ್ರಮಾಣ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಎಂ.ಎಲ್. ಬಾಟಲಿ ಸುಮಾರು ನಾಲ್ಕು. ದೇಹ ಒಂದು ಪ್ರಮಾಣ ಕರಗಿಸಲು ಅಂದಾಜು ಒಂದು ತಾಸು ಬೇಕು. ಎಂಟಕ್ಕೆ ಕುಡಿದ ಪಾಕೀಟು ಹತ್ತಕ್ಕೂ ನೆತ್ತರಲ್ಲಿರುತ್ತದೆ. ಸೇಂದಿಗೆ ಈ ಲೆಕ್ಕ ನಡೆಯದು: ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್) ಬೆರೆತಿದ್ದರೆ ಅದು ನಿದ್ದೆಯ ಔಷಧ, ಎಚ್ಚರ ತಪ್ಪಿಸುತ್ತದೆ, ಉಸಿರನ್ನೂ ಕುಗ್ಗಿಸುತ್ತದೆ.

ಅಮಲಿನಲ್ಲಿ ಏನಾಗುತ್ತಿದೆ ಎಂದು ತಿಳಿಯದ ಸ್ಥಿತಿಯಲ್ಲಿ ಆದದ್ದು ‘ಆಕೆಯ ತಪ್ಪು ನಿರ್ಧಾರ’ ಅಲ್ಲವೇ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಅದನ್ನು ಅತ್ಯಾಚಾರ ಎನ್ನುತ್ತದೆ. ಹೆಂಡತಿಗೆ 18 ತುಂಬಿದ್ದರೆ ಗಂಡನಿಗೆ ಈ ಕಲಂ ತಾಗದು. ಆದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ.

ನಿರ್ಧಾರವನ್ನು ಅಮಲಿಲ್ಲದ ಹೊತ್ತಿನಲ್ಲೇ ಮಾಡಿಸಿ. ಬಾಯಲ್ಲಿ ಒಂದು ವಾಕ್ಯ ಕೂರಬೇಕು; ತಪ್ಪನ್ನು ಡಾಕ್ಟರ ಮೇಲೆ ಹಾಕಿದರೆ ಸುಲಭ: “ಡಾಕ್ಟ್ರು ಹೇಳ್ಯಾರ, ಇದಿಲ್ದ ಬ್ಯಾಡಂತ.” ನಿಮ್ಮೆದುರೇ ನಾಲ್ಕೈದು ಸಲ ಜೋರಾಗಿ ಹೇಳಿಸಿ, ಮನಸ್ಸಿನಲ್ಲೇ ಅಂದುಕೊಂಡದ್ದು ಆ ಹೊತ್ತಿಗೆ ಹೊರಬರುವುದಿಲ್ಲ. ನಿರೋಧ್ ಆಕೆಯ ಪರ್ಸಿನಲ್ಲೇ ಇರಲಿ. ಅವನು ಹೊಡೆಯುವವನಾದರೆ ಈ ಅಭ್ಯಾಸ ಕೈಬಿಡಿ, ಪೆಟ್ಟು ಆಕೆಗೇ ಬೀಳುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ, ಹಿಂಸೆಗೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರಕ್ಕೆ ಜೋಡಿಸಿ. ಬಸಿರು ತಡೆಯಲು ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದಿಗೆ ಅವನ ಒಪ್ಪಿಗೆ ಬೇಡ. ಆದರೆ ಎಚ್‌ಐವಿಯನ್ನು ಅದು ತಡೆಯದು.

ಆಗಿಹೋಗಿದ್ದರೆ ಗಡಿಯಾರ ನೋಡಿ. ತುರ್ತು ಗರ್ಭನಿರೋಧಕ ಮಾತ್ರೆ, ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ., 72 ಗಂಟೆಯೊಳಗೆ, ಬೇಗನೆ ನುಂಗಿದಷ್ಟೂ ಒಳ್ಳೆಯದು. ಕುಡಿದವರಿಗೆ ವಾಂತಿ ಸಾಮಾನ್ಯ. ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಕೊಡಬೇಕು. ಎಚ್‌ಐವಿ ತಡೆಯುವ ಪಿಇಪಿ ಔಷಧ ಕೂಡ 72 ಗಂಟೆಯೊಳಗೇ ಶುರುವಾಗಬೇಕು, 28 ದಿನ ಬಿಡದೆ. ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ವಿಚಾರಿಸಿ. ರಾತ್ರಿಯಾದರೆ ತುರ್ತು ವಿಭಾಗಕ್ಕೆ ಹೋಗಿ, ಬೆಳಗಿನ ಬಸ್ಸಿಗೆ ಕಾಯಬೇಡಿ. ಅತ್ಯಾಚಾರವಾದರೆ ಖಾಸಗಿ ಆಸ್ಪತ್ರೆಯೂ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು.

ದಿನಾ ಕುಡಿಯುವವಳಿಗೆ ಒಮ್ಮೆಲೇ ಬಿಡಿಸಬೇಡಿ. ಕೈ ನಡುಕದಿಂದ ಶುರುವಾಗಿ ಎರಡು ದಿನದೊಳಗೆ ಫಿಟ್ಸ್ ಬರಬಹುದು. ವೈದ್ಯರ ಕಣ್ಗಾವಲಲ್ಲೇ ಇಳಿಸಬೇಕು. ನೆನಪಿನ ಕಾಟಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮೊದಲ ಕರೆಯನ್ನು ನಿಮ್ಮ ಫೋನಿನಿಂದಲೇ ಹಚ್ಚಿಕೊಡಿ.