ಬಸುರಿ ಇರುವ ಮನೆಯಲ್ಲಿ ಹುಟ್ಟುಹಬ್ಬ, ಶಾಂತಿ, ಸೀಮಂತ: ಆಚರಣೆಯನ್ನು ಹೊಂದಿಸಿಕೊಳ್ಳುವ ಬಗೆ

ಮನೆಯ ಹೆಣ್ಣುಮಗಳೊಬ್ಬಳು ಬಸುರಿಯಾದ ವರ್ಷವೇ ಅಜ್ಜನ ಸಹಸ್ರಚಂದ್ರದರ್ಶನ ಶಾಂತಿ, ಹಿರಿಯ ಮಗುವಿನ ಹುಟ್ಟುಹಬ್ಬ, ಮೈದುನನ ಉಪನಯನ, ಹೊಸ ಮನೆಯ ಪ್ರವೇಶ ಎಲ್ಲವೂ ಒಂದರ ಬೆನ್ನಿಗೊಂದು ಬರುವುದು ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ದೊಡ್ಡ ಕುಟುಂಬಗಳಲ್ಲಿ ಅಪರೂಪವೇನಲ್ಲ. ಇಂಥ ಹೊತ್ತಿನಲ್ಲಿ ಕೆಲವರು ಎಲ್ಲವನ್ನೂ ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ಇನ್ನು ಕೆಲವರು ಎಂದಿನಂತೆಯೇ ನಡೆಸಿ, ಬಸುರಿಯನ್ನು ಹೋಮದ ಹೊಗೆ ಮತ್ತು ತಡವಾದ ಊಟದ ನಡುವೆ ಕೂರಿಸುತ್ತಾರೆ. ಗರ್ಭ ಆರೋಗ್ಯವಾಗಿದ್ದು ವೈದ್ಯರು ವಿಶ್ರಾಂತಿ ಹೇಳದೇ ಇದ್ದರೆ ಯಾವ ಸಂತೋಷವನ್ನೂ ಬಿಡಬೇಕಾಗಿಲ್ಲ. ಆದರೆ ದಿನ, ಜಾಗ ಮತ್ತು ಅವಧಿ ಈ ಮೂರನ್ನೂ ಮೊದಲು ಅವಳ ದೇಹಕ್ಕೆ ಹೊಂದಿಸಿ, ಆಮೇಲೆ ನೆಂಟರ ಅನುಕೂಲವನ್ನು ನೋಡಬೇಕು. ಯಾರ ದಿನವೋ ಅದು ಅವರದಾಗಿಯೇ ಉಳಿಯಬೇಕು ಎಂಬುದೂ ಅಷ್ಟೇ ಮುಖ್ಯ.

ದಿನ ಗೊತ್ತು ಮಾಡುವ ಮೊದಲು

ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿ ವೈದ್ಯರು ಹೆರಿಗೆಯ ಅಂದಾಜು ದಿನವನ್ನು ಕೊಟ್ಟಿರುತ್ತಾರೆ. ಗೋಡೆಯ ಪಂಚಾಂಗದ ಮೇಲೆ ಆ ದಿನವನ್ನು ಗುರುತು ಮಾಡಿ, ಅಲ್ಲಿಂದ ಹಿಂದಕ್ಕೆ ವಾರಗಳನ್ನು ಬರೆದುಕೊಂಡರೆ ಮನೆಯ ಯಾವ ಕಾರ್ಯ ಯಾವ ಹಂತದಲ್ಲಿ ಬೀಳುತ್ತದೆ ಎಂಬುದು ತಿಳಿಯುತ್ತದೆ. ಹೆರಿಗೆ 37ನೆಯ ವಾರದ ಬಳಿಕ ಯಾವಾಗ ಬೇಕಾದರೂ ಆಗಬಹುದಾದ್ದರಿಂದ, ಮನೆಯ ದೊಡ್ಡ ಕಾರ್ಯಗಳನ್ನು 34ನೆಯ ವಾರದೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ತಪಾಸಣೆಯ ದಿನಗಳನ್ನೂ ಅದೇ ಪಂಚಾಂಗದಲ್ಲಿ ಬರೆದಿಡಬೇಕು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಅದನ್ನು ನೆಚ್ಚಿಕೊಂಡವರು 9ನೆಯ ತಾರೀಖಿಗೆ ಯಾವ ಕಾರ್ಯವನ್ನೂ ಇಟ್ಟುಕೊಳ್ಳಬಾರದು.

ಮೊದಲ ಮೂರು ತಿಂಗಳು ಓಕರಿಕೆ, ಸುಸ್ತು ಹೆಚ್ಚಿರುತ್ತವೆ, ಗರ್ಭಪಾತಗಳಲ್ಲಿ ಹೆಚ್ಚಿನವು ಆಗುವುದೂ ಈ ಅವಧಿಯಲ್ಲೇ. ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳದಿರುವ ರೂಢಿ ನಮ್ಮಲ್ಲಿ ಇರುವುದರಿಂದ, ಆಗ ಬರುವ ಹುಟ್ಟುಹಬ್ಬವನ್ನು ಮನೆಯವರಷ್ಟೇ ಸೇರಿ ಪಾಯಸದ ಊಟದಲ್ಲಿ ಮುಗಿಸುವುದು ಹಿತ. ಹೆಚ್ಚು ಜನ ಸೇರಿದಲ್ಲಿ ಅವಳು ಊಟದಿಂದ ಎದ್ದು ಹೋದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ, ಮತ್ತು ಸುದ್ದಿಯನ್ನು ಯಾವಾಗ ಹೇಳಬೇಕೆಂಬ ತೀರ್ಮಾನ ಅವಳ ಕೈತಪ್ಪುತ್ತದೆ. 14ರಿಂದ 28ನೆಯ ವಾರದವರೆಗಿನ ಕಾಲ ಓಡಾಟಕ್ಕೂ ಸಂಭ್ರಮಕ್ಕೂ ಎಲ್ಲಕ್ಕಿಂತ ಅನುಕೂಲ. ಐದನೆಯ ಅಥವಾ ಏಳನೆಯ ತಿಂಗಳಲ್ಲಿ ಸೀಮಂತ ಮಾಡಿ, ಎಂಟರಲ್ಲಿ ಬೇಡವೆನ್ನುವ ನಮ್ಮ ಹಿರಿಯರ ಲೆಕ್ಕ ಇದಕ್ಕೆ ಬಹುಮಟ್ಟಿಗೆ ಹೊಂದುತ್ತದೆ.

ಹಿರಿಯರ ಶಾಂತಿಯನ್ನು ಮಾತ್ರ ಮುಂದೂಡುವುದು ನನಗೆ ಸರಿ ಕಾಣುವುದಿಲ್ಲ. ಸಾವಿರ ಹುಣ್ಣಿಮೆ ತುಂಬುವುದು ಸುಮಾರು 81ನೆಯ ವಯಸ್ಸಿನ ಹೊತ್ತಿಗೆ. ಆ ವಯಸ್ಸಿನವರನ್ನು ಇನ್ನೊಂದು ವರ್ಷ ಕಾಯಿಸುವ ಬದಲು, ಪುರೋಹಿತರನ್ನು ಬೇಗನೆ ಕಂಡು ಮುಹೂರ್ತವನ್ನು ಹಿಂದಕ್ಕೆ ತರುವುದು ಮೇಲು. ಗೃಹಪ್ರವೇಶದ ಮಾತು ಬೇರೆ. ಮನೆಯಲ್ಲಿ ಬಸುರಿ ಇದ್ದಾಗ ಅದನ್ನು ಮಾಡುವುದಿಲ್ಲವೆಂಬ ರೂಢಿ ಅನೇಕ ಕುಟುಂಬಗಳಲ್ಲಿದೆ. ಶಾಸ್ತ್ರದ ವಿಚಾರವನ್ನು ಬಲ್ಲವರಿಗೆ ಬಿಟ್ಟರೂ, ಹೊಸ ಬಣ್ಣದ ವಾಸನೆ, ಸಿಮೆಂಟಿನ ಧೂಳು, ಕಟಾಂಜನವಿಲ್ಲದ ಮೆಟ್ಟಿಲು, ಸಾಮಾನು ಸಾಗಿಸುವ ಗಡಿಬಿಡಿ ಇವೆಲ್ಲ ಅವಳಿಗೆ ಬೇಡದವೇ ಆದ್ದರಿಂದ ಈ ರೂಢಿಯನ್ನು ಉಳಿಸಿಕೊಂಡರೆ ನಷ್ಟವಿಲ್ಲ.

ದಾರಿ, ಮಳೆ ಮತ್ತು ಆಸ್ಪತ್ರೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದಿನದ ಆಯ್ಕೆಯಷ್ಟೇ ದಾರಿಯ ಆಯ್ಕೆಯೂ ಮುಖ್ಯ. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್ ಆದರೂ ನಡುವೆ ದೇವಿಮನೆ ಘಟ್ಟವಿದೆ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವವರಿಗೆ ಅರಬೈಲು ಘಟ್ಟವಿದೆ. ತಿರುವುಗಳಲ್ಲಿ ವಾಕರಿಕೆ ಬರುವವರು ಬೆಳಗಿನ ಲಘು ಉಪಾಹಾರದ ನಂತರ ಮುಂದಿನ ಆಸನದಲ್ಲಿ ಕುಳಿತು, ಪ್ರತಿ ಎರಡು ಗಂಟೆಗೊಮ್ಮೆಯಾದರೂ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲೆ ಬಾರದೆ ಕೆಳಗೆ ಸೊಂಟದ ಮೂಳೆಗಳ ಮೇಲೆ ಹಾದು ಹೋಗಬೇಕು, ಮೇಲಿನ ಪಟ್ಟಿ ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ಸರಿಯಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ದಾಟಿ ಹೋಗಬೇಕಾದ ಕಾರ್ಯಕ್ಕೆ ಏಳು ತಿಂಗಳು ದಾಟಿದವರನ್ನು ಕರೆಯಬಾರದು, ಕರೆದರೂ ಅವರು ಬರಲಿಲ್ಲವೆಂದು ಬೇಸರಿಸಬಾರದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ, ರಾಷ್ಟ್ರೀಯ ಹೆದ್ದಾರಿ 66 ಅನೇಕ ದಿನ ಬಂದಾಗಿದ್ದುದನ್ನು ಕರಾವಳಿಯವರು ಮರೆತಿಲ್ಲ. ಹಾಗೆ ದಾರಿ ಮುಚ್ಚಿದರೆ ಆಚೆ ಬದಿಯಲ್ಲಿ ಉಳಿದ ಗರ್ಭಿಣಿಗೆ ತನ್ನ ವೈದ್ಯರು ಸಿಗುವುದಿಲ್ಲ.

ಕಾರ್ಯ ಎಲ್ಲಿಯೇ ಇರಲಿ, ಕೊನೆಯ ಮೂರು ತಿಂಗಳಲ್ಲಿ ಅಲ್ಲಿಂದ ಒಂದು ಗಂಟೆಯೊಳಗೆ ಹೆರಿಗೆ ಸೌಲಭ್ಯವಿರುವ ಆಸ್ಪತ್ರೆ ತಲುಪುವಂತಿರಬೇಕು. ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ ಅವಳ ಚೀಲದಲ್ಲೇ ಇರಲಿ. ಜೋಯಿಡಾ, ಸಿದ್ದಾಪುರದ ಒಳಹಳ್ಳಿಗಳಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲವಾದ್ದರಿಂದ, ಒಂದು ವಾಹನ ಮತ್ತು ಅದನ್ನು ಓಡಿಸಬಲ್ಲ ಒಬ್ಬರು ಕಾರ್ಯ ಮುಗಿಯುವವರೆಗೂ ಅಂಗಳದಲ್ಲೇ ಇರುವಂತೆ ಮೊದಲೇ ಗೊತ್ತು ಮಾಡಬೇಕು, ಆ ವಾಹನಕ್ಕೆ ಅಡ್ಡವಾಗಿ ಬೇರೆಯವರು ಗಾಡಿ ನಿಲ್ಲಿಸದಂತೆಯೂ ನೋಡಿಕೊಳ್ಳಬೇಕು. ರಕ್ತಸ್ರಾವ, ನೀರು ಹೋಗುವುದು, ಕಣ್ಣು ಮಂಜಾಗುವಂಥ ತಲೆನೋವು, ತೀವ್ರ ಹೊಟ್ಟೆನೋವು, ಫಿಟ್ಸ್, ಮಗುವಿನ ಚಲನೆ ಕಡಿಮೆಯಾದಂತೆ ಅನಿಸುವುದು ಇವುಗಳಲ್ಲಿ ಯಾವುದು ಕಂಡರೂ ಊಟ ಮುಗಿಯಲಿ, ಆರತಿ ಆಗಲಿ ಎಂದು ಕಾಯದೆ ಹೊರಡಬೇಕು ಅಥವಾ 108ಕ್ಕೆ ಕರೆ ಮಾಡಬೇಕು.

ಮಲೆನಾಡಿನ ಬದಿಯಲ್ಲಿ ಮಂಗನ ಕಾಯಿಲೆಯ ಕಾಲವಾದ ಡಿಸೆಂಬರ್‌ನಿಂದ ಮೇವರೆಗೆ ಹುಟ್ಟುಹಬ್ಬಕ್ಕೆಂದು ಕಾಡಿನ ಹೊಳೆ, ಜಲಪಾತದ ಬಳಿ ಹೋಗುವುದನ್ನು ಬಿಡಬೇಕು. ಉಣುಗು ಕಚ್ಚುವುದರಿಂದ ಹರಡುವ ಜ್ವರವದು.

ಊಟ

ಸಂತೋಷಕ್ಕೂ ತೊಂದರೆಗೂ ಹೆಚ್ಚು ಕಾರಣವಾಗುವುದು ಊಟವೇ. ನಮ್ಮ ಕಡೆಯ ಪೂಜೆ, ಶಾಂತಿಗಳಲ್ಲಿ ಎಲೆ ಹಾಕುವ ಹೊತ್ತಿಗೆ ಮಧ್ಯಾಹ್ನ ಎರಡಾಗುವುದುಂಟು. ಗರ್ಭಿಣಿಗೆ ಎರಡು ಮೂರು ಗಂಟೆಗೊಮ್ಮೆ ಏನಾದರೂ ಹೊಟ್ಟೆಗೆ ಬೀಳಬೇಕು, ಆದ್ದರಿಂದ ದೇವರ ನೈವೇದ್ಯಕ್ಕೆ ತೆಗೆದಿಟ್ಟ ಕೂಡಲೇ ಅವಳಿಗೆ ಹನ್ನೆರಡು ಗಂಟೆಗೆ ಬೇರೆ ಎಲೆ ಹಾಕಿಸಬೇಕು. ಇದನ್ನು ಅವಳೇ ಕೇಳಿಕೊಳ್ಳುವಂತಾಗಬಾರದು, ಅತ್ತೆಯೋ ಓರಗಿತ್ತಿಯೋ ಅಡುಗೆಯವರಿಗೆ ಬೆಳಿಗ್ಗೆಯೇ ಹೇಳಿಡಬೇಕು. ಪಂಕ್ತಿಯಲ್ಲಿ ನೆಲದ ಮೇಲೆ ಕೂರಲು ಕಷ್ಟವಾದರೆ ಮೇಜು, ಬೆನ್ನಿಗೆ ಆಸರೆಯಿರುವ ಕುರ್ಚಿ ಕೊಡಬೇಕು.

ಪಂಚಾಮೃತದ ವಿಷಯ ಅನೇಕರಿಗೆ ಹೊಳೆಯುವುದಿಲ್ಲ. ಕಾಯಿಸದ ಹಸಿ ಹಾಲಿನಿಂದ ಮಾಡಿದ ಪಂಚಾಮೃತದಲ್ಲಿ ಲಿಸ್ಟೀರಿಯಾ, ಬ್ರುಸೆಲ್ಲಾದಂಥ ರೋಗಾಣುಗಳಿರಬಹುದು, ಇವು ಗರ್ಭಕ್ಕೆ ಅಪಾಯಕಾರಿ. ಹಾಲನ್ನು ಕಾಯಿಸಿ ಆರಿಸಿ ಬಳಸಿದರೆ ಅವಳೂ ಎಲ್ಲರಂತೆ ಕೈಯೊಡ್ಡಿ ತೀರ್ಥ ಪ್ರಸಾದ ತೆಗೆದುಕೊಳ್ಳಬಹುದು. ಪುರೋಹಿತರಿಗೆ ಮೊದಲೇ ಹೇಳಿದರೆ ಒಪ್ಪದವರು ಕಡಿಮೆ. ಬೇಕರಿಯ ಕ್ರೀಮ್ ಕೇಕು ಕರಾವಳಿಯ ಸೆಕೆಯಲ್ಲಿ ಗಂಟೆಗಟ್ಟಲೆ ಹೊರಗಿದ್ದರೆ ಅದನ್ನು ಬಿಡಬೇಕು. ಕತ್ತರಿಸುವ ಹೊತ್ತಿಗೆ ಫ್ರಿಜ್ಜಿನಿಂದ ತೆಗೆದುದಾದರೆ ಒಂದು ತುಂಡು ತಿನ್ನಬಹುದು. ಹಸಿ ಮೊಟ್ಟೆಯ ಮಯೊನೇಸ್, ಹೊರಗೆ ಹೆಚ್ಚಿಟ್ಟ ಹಣ್ಣು ಬೇಡ. ಆಲೆಮನೆಯ ಕಾಲದಲ್ಲಿ ಹುಟ್ಟುಹಬ್ಬ ಬಂದರೆ ಐಸು ಹಾಕಿದ ಕಬ್ಬಿನ ಹಾಲಿಗಿಂತ ಬಿಸಿ ತೊಡೆದೇವು (ಕಬ್ಬಿನ ಹಾಲಿನ ತೆಳುವಾದ ಸಿಹಿತಿಂಡಿ) ಸುರಕ್ಷಿತ.

ಆದರೆ ಸಕ್ಕರೆಯ ಅಂಶ ಹೆಚ್ಚಿದೆಯೆಂದು ತಪಾಸಣೆಯಲ್ಲಿ ಗೊತ್ತಾದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರ ಮುಂದೆ ಹೋಳಿಗೆ, ಕಾಯಿಕಡುಬು, ಅತ್ರಾಸಗಳನ್ನು ಸಾಲಾಗಿ ಬಡಿಸಿ, ‘ಮಗುವಿಗಾಗಿ ಇದೊಂದು ತಿನ್ನು’ ಎಂದು ಒತ್ತಾಯಿಸುವುದು ಪ್ರೀತಿಯ ಹೆಸರಿನಲ್ಲಿ ಮಾಡುವ ತಪ್ಪು. ರಕ್ತದೊತ್ತಡ 140/90 ಮುಟ್ಟಿದವರಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಮಿತಿಯಲ್ಲಿರಲಿ. ಬಿಸಿಲಿನ ದಿನಗಳಲ್ಲಿ ಎಳನೀರು, ಮುರುಗಲ (ಕೋಕಂ) ಪಾನಕ, ತಂಬುಳಿ ಒಳ್ಳೆಯವು. ಪಾನಕಕ್ಕೆ ಕಾಯಿಸಿ ಆರಿಸಿದ ನೀರು ಬಳಸಬೇಕು.

ಮೀನುಣ್ಣುವ ಕಾರವಾರ, ಅಂಕೋಲೆ, ಹೊನ್ನಾವರದ ಮನೆಗಳಲ್ಲಿ ಬಸುರಿಯ ಊಟಕ್ಕೆ ಬಂಗಡೆ, ತಾರ್ಲೆಯಂಥ ಸಣ್ಣ ಮೀನುಗಳು ಉತ್ತಮ, ಚೆನ್ನಾಗಿ ಬೆಂದಿರಬೇಕಷ್ಟೆ. ಮೋರಿ ಎಂದು ಕರೆಯುವ ಶಾರ್ಕಿನಂಥ ದೊಡ್ಡ ಬೇಟೆಮೀನುಗಳಲ್ಲಿ ಪಾದರಸದ ಅಂಶ ಹೆಚ್ಚಿರುವುದರಿಂದ ಅವನ್ನು ಕೊಡಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಬಯಕೆ ಊಟ ಇಟ್ಟುಕೊಂಡವರು ಹೊರಗಿನಿಂದ ಬಂದ ಹಳೆಯ ಮೀನಿಗೆ ಆಸೆಪಡದೆ ಬೇರೆ ಅಡುಗೆಯನ್ನೇ ಯೋಚಿಸುವುದು ಕ್ಷೇಮ.

ಹಬ್ಬದ ದಿನ ತಪ್ಪುವುದು ಮಾತ್ರೆ. ಕಬ್ಬಿಣಾಂಶದ ಮಾತ್ರೆಯನ್ನು ಚಹಾ, ಕಾಫಿ, ಹಾಲಿನ ಜೊತೆ ತೆಗೆದುಕೊಂಡರೆ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಲಿಂಬೆ ಪಾನಕದ ಜೊತೆ ತೆಗೆದುಕೊಳ್ಳಲು ಒಬ್ಬರು ನೆನಪಿಸಬೇಕು.

ಸೀಮಂತ ಮತ್ತು ಉಡಿ ತುಂಬುವ ಹೊತ್ತು

ಉಡಿ ತುಂಬುವ ಶಾಸ್ತ್ರ ಸುಂದರವಾದದ್ದು, ಅದರ ಉದ್ದ ಮಾತ್ರ ಕಡಿಮೆಯಾಗಬೇಕು. ಐವತ್ತು ಮಂದಿ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಫೋಟೋ ತೆಗೆಸಿಕೊಳ್ಳುವಷ್ಟರಲ್ಲಿ ಅವಳು ಎರಡು ಗಂಟೆ ಅಲುಗಾಡದೆ ಕೂತಿರುತ್ತಾಳೆ. ಐದು ಅಥವಾ ಏಳು ಮಂದಿ ಹಿರಿಯರು ಶಾಸ್ತ್ರ ಮಾಡಿ, ಉಳಿದವರು ಅಕ್ಷತೆ ಹಾಕಿ ಹರಸಿದರೆ ಒಂದು ಗಂಟೆಯೊಳಗೆ ಮುಗಿಯುತ್ತದೆ. ಕೈಕಾಲು ಊದಿಕೊಳ್ಳುವ ಕಾಲವಾದ್ದರಿಂದ ಹಸಿರು ಬಳೆಯನ್ನು ಒಂದಳತೆ ದೊಡ್ಡದೇ ತರಿಸಬೇಕು, ಬಿಗಿಯಾದ ಉಂಗುರಗಳನ್ನು ಮೊದಲೇ ತೆಗೆದಿಡಬೇಕು. ಸುರಗಿ, ಮಲ್ಲಿಗೆಯ ಕಟು ಪರಿಮಳ ಕೆಲವರಿಗೆ ವಾಕರಿಕೆ ತರುತ್ತದೆ. ಅಂಥವರಿಗೆ ಅಬ್ಬಲಿಗೆ ಸಾಕು. ಹೋಮವಿದ್ದರೆ ಸಂಕಲ್ಪಕ್ಕೂ ಪೂರ್ಣಾಹುತಿಗೂ ಕರೆದು, ನಡುವೆ ಗಾಳಿಯಾಡುವ ಕೋಣೆಯಲ್ಲಿ ಎಡಮಗ್ಗುಲಾಗಿ ಮಲಗಲು ಬಿಡಬೇಕು.

ಕಾರವಾರದ ಕಡೆಯ ಕೆಲವು ಮನೆಗಳಲ್ಲಿ ಮುಚ್ಚಿಟ್ಟ ಬಟ್ಟಲಿನಲ್ಲಿ ಪೇಡೆ ಬಂದರೆ ಗಂಡು, ಬರ್ಫಿ ಬಂದರೆ ಹೆಣ್ಣು ಎಂದು ಆಡಿಸುವುದುಂಟು. ಮೊದಲ ಮಗು ಹೆಣ್ಣಾಗಿರುವ ಮನೆಯಲ್ಲಿ, ಆ ಮಗುವಿನ ಎದುರಿಗೇ ‘ಈ ಸಲ ಪೇಡೆಯೇ ಬರಲಿ’ ಎನ್ನುವ ಮಾತು ಎಷ್ಟು ನೋಯಿಸುತ್ತದೆಂದು ಯೋಚಿಸಿದರೆ ಈ ಆಟವನ್ನು ಬಿಡುವುದೇ ಸರಿ. ಹೊರದೇಶಗಳ ವಿಡಿಯೋ ನೋಡಿ ಮಗುವಿನ ಲಿಂಗ ಪ್ರಕಟಿಸುವ ಕೂಟವನ್ನು ಇಲ್ಲಿ ನಡೆಸುವಂತೆಯೇ ಇಲ್ಲ. 1994ರ ಕಾಯ್ದೆಯ ಪ್ರಕಾರ ಭ್ರೂಣಲಿಂಗ ಪತ್ತೆ ಅಪರಾಧ, ಅದನ್ನು ವೈದ್ಯರಲ್ಲಿ ಕೇಳಲೂಬಾರದು.

ಫೋಟೋ ಬೇಕೆನ್ನುವವರಿಗೆ ಕಾರವಾರದ ಟಾಗೋರ್ ಕಡಲತೀರದಂಥ, ರಸ್ತೆಗೆ ಹತ್ತಿರವಿರುವ ಸಮತಟ್ಟಾದ ಮರಳು ಸಾಕು. ಗೋಕರ್ಣದ ಓಂ ಬೀಚಿಗೆ ಮೆಟ್ಟಿಲಿಳಿದು ಬಂಡೆ ಹತ್ತುವ ಸಾಹಸ ಬೇಡ.

ಹಿರಿಯ ಮಗುವಿನ ಹುಟ್ಟುಹಬ್ಬ

ನಾಲ್ಕೈದು ವರ್ಷದ ಮಗುವಿಗೆ ತಮ್ಮನೋ ತಂಗಿಯೋ ಬರುವ ವರ್ಷದ ಹುಟ್ಟುಹಬ್ಬ ಉಳಿದೆಲ್ಲ ವರ್ಷಗಳದಕ್ಕಿಂತ ಮುಖ್ಯವೆಂದು ನಾನು ನಂಬಿದ್ದೇನೆ. ಅಂದು ಬಂದ ನೆಂಟರು ಅಮ್ಮನ ಹೊಟ್ಟೆಯನ್ನೇ ವಿಚಾರಿಸುತ್ತ ಕೂತರೆ ಮಗು ಮೂಲೆಗೆ ಸರಿಯುತ್ತದೆ. ಖರ್ಚು ಉಳಿಯುತ್ತದೆಂದು ಸೀಮಂತವನ್ನೂ ಹುಟ್ಟುಹಬ್ಬವನ್ನೂ ಒಂದೇ ದಿನ ಮಾಡುವುದನ್ನು ನಾನು ಒಪ್ಪುವುದಿಲ್ಲ. ಅದೇ ಖರ್ಚಿನಲ್ಲಿ ಎರಡು ಸಣ್ಣ ದಿನಗಳನ್ನು ಮಾಡಬಹುದು. ಬೆಳಿಗ್ಗೆ ತಿಥಿಯ ಪ್ರಕಾರ ಎಣ್ಣೆ ನೀರು, ಆರತಿ, ದೇವಸ್ಥಾನ. ಸಂಜೆ ಐದರ ಮೇಲೆ ಓರಗೆಯ ನಾಲ್ಕಾರು ಮಕ್ಕಳು, ಅವರ ಗಲಾಟೆ ನೋಡಿಕೊಳ್ಳಲು ಚಿಕ್ಕಪ್ಪನೋ ಸೋದರತ್ತೆಯೋ ಇದ್ದರೆ ಅಮ್ಮ ಕುರ್ಚಿಯಲ್ಲಿ ಕುಳಿತೇ ಎಲ್ಲವನ್ನೂ ಆಸ್ವಾದಿಸಬಹುದು. ಮಗುವನ್ನು ಎತ್ತಿಕೊಂಡು ಕೇಕು ಕತ್ತರಿಸುವ ಬದಲು ಅದನ್ನು ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಲ್ಲಿಸಿದರೆ ಅವಳ ಸೊಂಟಕ್ಕೆ ಭಾರವಾಗುವುದಿಲ್ಲ.

ಹೆರಿಗೆಗೆಂದು ಅವಳು ತವರಿಗೆ ಹೋದ ಮೇಲೆ ಹುಟ್ಟುಹಬ್ಬ ಬರುವಂತಿದ್ದರೆ, ಹೊರಡುವ ಮೊದಲೇ ಒಂದು ದಿನ ಮಾಡಿ ಮುಗಿಸಬಹುದು. ಮಗುವಿನ ಶಾಲೆ ಗಂಡನ ಊರಿನಲ್ಲೇ ಇದ್ದರೆ ಅಂದಿನ ಊಟ, ಸಹಪಾಠಿಗಳಿಗೆ ಹಂಚುವ ಸಿಹಿಯ ಜವಾಬ್ದಾರಿಯನ್ನು ಅಪ್ಪ ಹೊರಬೇಕು, ರಾತ್ರಿ ಅಮ್ಮನೊಡನೆ ವಿಡಿಯೋ ಕರೆಯಲ್ಲಿ ಮಾತನಾಡಿಸಬೇಕು. ಹೆರಿಗೆ ಮೊದಲೇ ಆಗಿ ಹುಟ್ಟುಹಬ್ಬ ಅಮೆಯ, ಅಂದರೆ ಹೆರಿಗೆಯ ಸೂತಕದ ದಿನಗಳಲ್ಲಿ ಬಿದ್ದರೆ ದೇವರ ಕಾರ್ಯ ನಡೆಯದು. ಆಗ ಶುದ್ಧಿ, ನಾಮಕರಣಗಳಾದ ಬಳಿಕದ ಒಂದು ಭಾನುವಾರವನ್ನು ಗೊತ್ತು ಮಾಡಿ, ಮಗುವಿನ ಕೈಯಿಂದಲೇ ಪಂಚಾಂಗದಲ್ಲಿ ಆ ದಿನಕ್ಕೆ ಗುರುತು ಹಾಕಿಸಬೇಕು. ಬಾರಸೆಗೆ, ಅಂದರೆ ನಾಮಕರಣಕ್ಕೆ ಬರುವ ಬಂಧುಗಳಿಗೂ ಈ ದಿನವನ್ನು ಮುಂಚಿತವಾಗಿ ತಿಳಿಸಿ, ತೊಟ್ಟಿಲ ಕೂಸಿಗೆ ಉಡುಗೊರೆ ತರುವವರು ಹಿರಿಯ ಮಗುವಿಗೂ ಅದರ ಹೆಸರಿನಲ್ಲಿಯೇ ಬೇರೆಯಾಗಿ ಏನಾದರೂ ತರುವಂತೆ ಹೇಳಿಡುವುದು ಒಳ್ಳೆಯದು.