ಕಾವಲಿಯ ಮೇಲೆ ಒಡೆಯದ ಸೊಪ್ಪಿನ ಪುಪೂಸ: ನನ್ನ ಅನುಭವ

ಕಳೆದ ತಿಂಗಳು ಒಂದೇ ಸಂಜೆ 22 ಪುಪೂಸಗಳನ್ನು, ಅಂದರೆ ಹೂರಣ ತುಂಬಿ ತಟ್ಟಿದ ಮೆಕ್ಕೆಜೋಳದ ದಪ್ಪ ರೊಟ್ಟಿಗಳನ್ನು, ಬೇಯಿಸಿದೆ. ಒಂದರಿಂದಲೂ ಸೊಪ್ಪಿನ ನೀರು ಸೋರಲಿಲ್ಲ, ಒಂದರ ಅಂಚೂ ಬಿರಿಯಲಿಲ್ಲ. ಮೆಕ್ಕೆಜೋಳದ ಹಿಟ್ಟಿಗೆ ಅಂಟೇ ಇಲ್ಲ, ಅದರೊಳಗೆ ಸೊಪ್ಪಿನಂತಹ ಹಸಿ ಹೂರಣ ನಿಲ್ಲುವುದು ಆಗದ ಮಾತು ಎಂದು ನಮ್ಮ ಅತ್ತಿಗೆ ಮೊದಲಿನಿಂದಲೂ ಹೇಳುತ್ತಿದ್ದರು. ಸುಮಾರು ಎಂಟು ತಿಂಗಳು ಅವರ ಮಾತೇ ಗೆಲ್ಲುತ್ತಾ ಬಂದಿತ್ತು. ಈಗ ಕೈ ಕುದುರಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಪುಪೂಸ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ತಿನಿಸು. ಅಲ್ಲಿ 2005ರಲ್ಲಿ ಅದನ್ನು ರಾಷ್ಟ್ರೀಯ ಖಾದ್ಯವೆಂದು ಘೋಷಿಸಿ, ನವೆಂಬರ್ ತಿಂಗಳ ಎರಡನೆಯ ಭಾನುವಾರವನ್ನು ಅದಕ್ಕೆಂದೇ ಮೀಸಲಿಟ್ಟರು. ಕೆಸಿಯೊ ಎಂಬ ಎಳೆ ಬರುವ ಚೀಸ್, ಬೀನ್ಸ್, ಲೊರೊಕೊ ಎಂಬ ಬಳ್ಳಿಯ ಮೊಗ್ಗು, ಸೊಪ್ಪು, ಹೀಗೆ ಅಲ್ಲಿನ ಹೂರಣಗಳು ಹಲವು. ನಾನು ಹಟ ಹಿಡಿದದ್ದು ಪಾಲಕ್ ಮತ್ತು ಚೀಸ್ ಹೂರಣಕ್ಕೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದೂ ಅದೇ.

ಮೊದಲ ಎರಡು ತಿಂಗಳು ಸಾದಾ ಮೆಕ್ಕೆಜೋಳದ ಹಿಟ್ಟಿನಲ್ಲೇ ಕಳೆದವು. ಬಿಸಿನೀರು ಹಾಕಿ ನಾದಿದರೂ, ಗೋಧಿ ಹಿಟ್ಟು ಬೆರೆಸಿದರೂ ಫಲವಿರಲಿಲ್ಲ. ಗೋಧಿ ಬೆರೆತಾಗ ಕಣಕವೇನೋ ನಿಂತಿತು, ಆದರೆ ಜೋಳದ ರುಚಿ ಸತ್ತುಹೋಯಿತು. ಬಳಿಕ ಸುಣ್ಣದ ನೀರಿನಲ್ಲಿ ಬೇಯಿಸಿದ ಜೋಳದಿಂದ ಮಾಡಿದ ಸಿದ್ಧ ಮಾಸಾ ಹಿಟ್ಟು ತರಿಸಿದೆ. ಅದು ಮೊದಲ ದಿನವೇ ಹಿಡಿದುಕೊಂಡಿತು, ಆದರೆ ಇಡೀ ಕಾಳಿನ ಸುಮಾರು ನಾಲ್ಕು ಪಟ್ಟು ಬೆಲೆ ತೆತ್ತೆ. ಕೈ ಕಲಿಯುವ ಹೊತ್ತಿನಲ್ಲಿ ಅರ್ಧಕ್ಕರ್ಧ ಕಸಕ್ಕೆ ಹೋಗುವುದು ಖಚಿತವಾಗಿದ್ದರಿಂದ ಕಾಳನ್ನೇ ತಂದು ಮನೆಯಲ್ಲಿ ಬೇಯಿಸಲು ತೊಡಗಿದೆ.

ಒಂದು ಕಿಲೋ ಒಣಗಿದ ಬಿಳಿ ಮೆಕ್ಕೆಜೋಳಕ್ಕೆ ಮೂರು ಲೀಟರ್ ನೀರು ಮತ್ತು ತಿನ್ನಲು ಯೋಗ್ಯವಾದ ಸುಣ್ಣ ಸುಮಾರು 10 ಗ್ರಾಂ ಹಾಕುತ್ತೇನೆ. ಗೋಡೆಗೆ ಬಳಿಯುವ ಸುಣ್ಣವನ್ನು ಯಾರೂ ಮುಟ್ಟಬಾರದು. ಸಿಹಿಜೋಳ ಈ ಕೆಲಸಕ್ಕೆ ಬಾರದು. ಮುಕ್ಕಾಲು ಗಂಟೆ ಸಣ್ಣಗೆ ಕುದಿಸಿ, ಒಲೆ ಆರಿಸಿ, ರಾತ್ರಿಯಿಡೀ ಹಾಗೆಯೇ ಬಿಟ್ಟರೆ ಬೆಳಿಗ್ಗೆ ಕಾಳು ಹಳದಿಗೆ ತಿರುಗಿ, ಮೇಲಿನ ಸಿಪ್ಪೆ ಬೆರಳಿನ ನಡುವೆ ಲೋಳೆಯಂತೆ ಜಾರಿ ಬರುತ್ತದೆ. ಆ ಲೋಳೆಯನ್ನು ಪೂರ್ತಿ ತೊಳೆಯಬಾರದು, ಸ್ವಲ್ಪ ಉಳಿದರೇ ಕಣಕಕ್ಕೆ ಜಿಗುಟು. ಸುಣ್ಣದ ಬದಲು ಅಡುಗೆ ಸೋಡಾ ಹಾಕಿಯೂ ನೋಡಿದೆ. ಸಿಪ್ಪೆ ಬಿಟ್ಟಿತು, ಕಾಳೂ ಬೆಂದಿತು, ಆದರೆ ರುಬ್ಬಿದ ಹಿಟ್ಟು ಒಟ್ಟುಗೂಡಲಿಲ್ಲ, ಸಾಬೂನಿನ ವಾಸನೆ ಬೇರೆ. ಜೋಳವನ್ನು ಹಿಡಿದು ಕೂಡಿಸುವುದು ಸುಣ್ಣದಲ್ಲಿರುವ ಕ್ಯಾಲ್ಸಿಯಂ, ಸೋಡಾದಲ್ಲಿ ಅದಿಲ್ಲ. ಮಿಕ್ಸಿಯಲ್ಲಿ ರುಬ್ಬುವಾಗ ನೀರು ಹೆಚ್ಚಾಗಿ ಹಿಟ್ಟು ಗಂಜಿಯಂತಾಯಿತು. ಅದನ್ನು ಉಳಿಸಿದ್ದು ಮೊದಲೇ ತಂದಿದ್ದ ಸಿದ್ಧ ಮಾಸಾ ಹಿಟ್ಟಿನ ಎರಡು ಹಿಡಿ. ಈಗಲೂ ಅದೇ ಕ್ರಮ: ಮುಕ್ಕಾಲು ಭಾಗ ಮನೆಯದು, ಕಾಲು ಭಾಗ ಸಿದ್ಧ ಹಿಟ್ಟು. ಖರ್ಚು ಅರ್ಧಕ್ಕಿಂತ ಕಡಿಮೆಯಾಯಿತು.

ಇನ್ನು ಸೊಪ್ಪಿನ ವಿಷಯ. ಕಣಕ ಸರಿಹೋದ ಮೇಲೂ ನಾಲ್ಕು ತಿಂಗಳು ನನ್ನನ್ನು ಸೋಲಿಸಿದ್ದು ಅದರ ನೀರು. ಹಸಿಯಾಗಿ ಹೆಚ್ಚಿ ತುಂಬಿದಾಗ ಬಿಸಿ ತಾಗಿದೊಡನೆ ನೀರು ಬಿಟ್ಟು ಒಳಗಿನಿಂದ ಕಣಕ ಹಸಿಹಸಿಯಾಗಿ ಉಳಿಯಿತು. ಬೇಯಿಸಿ ಕೈಯಲ್ಲಿ ಹಿಂಡಿದಾಗ ಹಬೆ ತುಂಬಿ ಅಂಚು ಒಡೆದು, ಹಸಿರು ನೀರು ಕಾವಲಿಯ ಮೇಲೆ ಹರಿಯಿತು. ಎಣ್ಣೆಯಲ್ಲಿ ಹುರಿದಾಗ ಎಣ್ಣೆಯೇ ಹೂರಣವನ್ನು ಕಣಕದಿಂದ ಬೇರ್ಪಡಿಸಿತು. ಕೊನೆಗೆ ಕೈಹಿಡಿದದ್ದು ಇಷ್ಟೇ: ಅರ್ಧ ಕಿಲೋ ಪಾಲಕ್ ಎಲೆಯನ್ನು ಕುದಿನೀರಿನಲ್ಲಿ ಅರ್ಧ ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ, ಬಟ್ಟೆಯಲ್ಲಿ ಕಟ್ಟಿ ಇಬ್ಬರು ಎದುರುಬದುರು ನಿಂತು ತಿರುಚುವುದು. ಒಂದು ಮುಷ್ಟಿಯಷ್ಟು ಗಟ್ಟಿ ಉಂಡೆ ಉಳಿಯುತ್ತದೆ. ಅದನ್ನು ನುಣ್ಣಗೆ ಕೊಚ್ಚಿ, ನೀರಿನಂಶ ಕಡಿಮೆಯಿರುವ ಮೊಝರೆಲ್ಲಾ 400 ಗ್ರಾಂ ತುರಿದು ಸೇರಿಸಿ, ಎಳೆ ಬಿಟ್ಟು ಮುದ್ದೆಯಾಗುವವರೆಗೆ ಅಂಗೈಯಿಂದ ಉಜ್ಜಿ ನಾದಬೇಕು. ಹೂರಣ ಕಣಕದಷ್ಟೇ ಗಟ್ಟಿಯಾಗಿದ್ದರೆ ಎರಡೂ ಒಟ್ಟಿಗೆ ಹರಡಿಕೊಳ್ಳುತ್ತವೆ. ಒಂದು ಮೆತ್ತಗಾದರೂ ಅದು ಅಂಚಿಗೆ ಓಡುತ್ತದೆ. ಪರೀಕ್ಷೆಗೆ ಒಂದು ಸಣ್ಣ ಉಂಡೆಯನ್ನು ತೆಳು ಕಾಗದದ ಮೇಲೆ ಹತ್ತು ನಿಮಿಷ ಇಡುತ್ತೇನೆ. ಸುತ್ತ ಒದ್ದೆಯ ಉಂಗುರ ಮೂಡಿದರೆ ಸೊಪ್ಪನ್ನು ಇನ್ನೂ ಹಿಂಡಬೇಕಿತ್ತು ಎಂದರ್ಥ. ಆ ಹೂರಣವನ್ನೂ ಎಸೆಯದೆ ಸರಿಮಾಡುವ ಒಂದು ಉಪಾಯವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕಣಕದ ಉಂಡೆ ಅಂದಾಜು 85 ಗ್ರಾಂ, ಹೂರಣ 40 ಗ್ರಾಂ. ಕೈ ಒದ್ದೆ ಮಾಡಿಕೊಳ್ಳಲು ಪಕ್ಕದಲ್ಲಿ ನೀರಿಗೆ ಒಂದು ಚಮಚ ಎಣ್ಣೆ ಹಾಕಿದ ಬಟ್ಟಲು ಇರಲೇಬೇಕು. ಹೊದಿಸಿ ಮುಚ್ಚುವಾಗ ತುದಿಯಲ್ಲಿ ಸೇರಿಕೊಳ್ಳುವ ಹೆಚ್ಚಿನ ಕಣಕವನ್ನು ಚಿವುಟಿ ತೆಗೆಯದಿದ್ದರೆ ನಡುವೆ ದಪ್ಪ ಗಂಟು ನಿಂತು ಬೇಯದೆ ಉಳಿಯುತ್ತದೆ. ತಟ್ಟುವಾಗ ಅಂಚಿನಲ್ಲಿ ಕೂದಲೆಳೆಯಂತಹ ಬಿರುಕು ಕಂಡರೆ ಕಣಕಕ್ಕೆ ನೀರು ಸಾಲದು, ಕೈಗೆ ಮೆತ್ತಿದರೆ ಹೆಚ್ಚಾಗಿದೆ. ಕಬ್ಬಿಣದ ಕಾವಲಿ ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾದಿರಬೇಕು. ಒಂದೊಂದು ಬದಿಗೆ ನಾಲ್ಕು ನಿಮಿಷ. ಪುಪೂಸ ತಾನಾಗಿ ಕಾವಲಿ ಬಿಡುವ ತನಕ ಎಬ್ಬಿಸಬಾರದು. ಅವಸರ ಮಾಡಿ ನಾನು ಹರಿದದ್ದೆಷ್ಟೋ.

ನಡುವೆ ಎಲ್ ಸಾಲ್ವಡಾರಿನ ಒಲೊಕುಯಿಲ್ತ ಊರಿನ ಹೆಸರುವಾಸಿ ಅಕ್ಕಿಹಿಟ್ಟಿನ ಪುಪೂಸವನ್ನೂ ಎರಡು ಸಲ ಪ್ರಯತ್ನಿಸಿದೆ. ಹೊರಗೆ ಗರಿಯಾಗಿ ಬಂದವು, ಆದರೆ ಆರಿದ ಮೇಲೆ ಗಟ್ಟಿಯಾದವು. ಜೊತೆಗೆ ತಿನ್ನುವ ಕುರ್ತಿದೊ ಎಂಬ ಎಲೆಕೋಸಿನ ಹುಳಿ ಪಲ್ಯವನ್ನು ಅಂದಂದೇ ವಿನೆಗರ್ ಹಾಕಿ ಮಾಡುವುದಕ್ಕಿಂತ, ಕ್ಯಾರೆಟ್ ಮತ್ತು ಒರೆಗಾನೊ ಸೇರಿಸಿ ಎರಡು ದಿನ ಮೊದಲೇ ಜಾಡಿಯಲ್ಲಿಟ್ಟರೆ ಚೀಸಿನ ಜಿಡ್ಡನ್ನು ಚೆನ್ನಾಗಿ ಮುರಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಹಾಕಿದಾಗ ಖರ್ಚಿನ ಅರ್ಧಕ್ಕಿಂತ ಹೆಚ್ಚು ಚೀಸಿಗೇ ಹೋಗುತ್ತದೆ. ಅದನ್ನು ತಗ್ಗಿಸಲು ಕಾಲು ಭಾಗ ಬೆಂದ ಬೀನ್ಸ್ ಅರೆದು ಬೆರೆಸಿದೆ. ಹೂರಣ ಇನ್ನಷ್ಟು ಗಟ್ಟಿಯಾಗಿ ಕೂತಿತು, ರುಚಿಯೂ ಕೆಡಲಿಲ್ಲ. ಉಳಿದ ಪುಪೂಸಗಳನ್ನು ಪೂರ್ತಿ ಆರಿಸಿ, ನಡುವೆ ಕಾಗದವಿಟ್ಟು ಫ್ರೀಜರಿನಲ್ಲಿಟ್ಟರೆ ಮೂರು ವಾರ ಏನೂ ಆಗುವುದಿಲ್ಲ. ಕರಗಿಸದೆ ನೇರವಾಗಿ ಸಣ್ಣ ಉರಿಯ ಕಾವಲಿಗೆ ಹಾಕಿ, ಮುಚ್ಚಳ ಮುಚ್ಚಿ ಬಿಸಿ ಮಾಡಬೇಕು.